ಬೋರಲು ಹಾಕಿದ ಬಿಂದಿಗೆ

ಹಳೆಯ ಹಿತ್ತಾಳೆ ಕೊಟ್ಟರೆ ಹೊಸ ಸ್ಟೀಲ್ ಪಾತ್ರೆ ಕೊಡುವವನು ನಾಳೆ ಬರುತ್ತಾನೆಂದು ಅಟ್ಟದ ಮೇಲಿನ ಬಿಂದಿಗೆಯನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತೆ. ಕೊಟ್ಟುಬಿಡುವ ಪಾತ್ರೆಯನ್ನು ಯಾರಾದರೂ ತಿಕ್ಕುತ್ತಾರೆಯೇ ಎಂದು ನೀವು ನಗಬಹುದು. ಪಾತ್ರೆಯವನ ಮುಂದೆಯೂ ಮಾನ ಉಳಿಸಿಕೊಳ್ಳಬೇಕೆನ್ನುವ ಜಾತಿ ನನ್ನದು. ತಿಕ್ಕುತ್ತಿದ್ದ ಹಾಗೆ ಬಿಂದಿಗೆಯ ಹೊಟ್ಟೆಯ ಮೇಲಿನ ನೆಗ್ಗು ಕೈಗೆ ಸಿಕ್ಕಿತು. ಅಷ್ಟಕ್ಕೇ ಕೈ ನಿಂತುಹೋಯಿತು.

ನನ್ನ ತವರು ಕೃಷ್ಣರಾಜನಗರದ ಹತ್ತಿರ, ಕಾವೇರಿಯ ದಂಡೆಯ ಊರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಿದ್ದದ್ದು ಬಿಂದಿಗೆ. ಖಾಲಿ ಬಿಂದಿಗೆಯನ್ನು ನೀರಿನ ಮೇಲೆ ಬೋರಲು ಹಾಕಿ, ಒಳಗಿನ ಗಾಳಿ ಹೋಗದಂತೆ ಎದೆಗೆ ಅವುಚಿಕೊಂಡು ಕಾಲು ಬಡಿಯಬೇಕು. ಆಚೆ ದಡದ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದದ್ದೂ ಹೀಗೆಯೇ. ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ ಒಂದು ದಿನ ಹೆಂಗಸರೆಲ್ಲ ಸೇರಿ ಗಂಗೆಪೂಜೆ ಮಾಡಿ ಈಜಿನ ಪಂದ್ಯ ಕಟ್ಟುತ್ತಿದ್ದರು. ಆ ಹೊತ್ತು ಗಂಡಸರು ಹೊಳೆಯ ಕಡೆ ಸುಳಿಯುವಂತಿಲ್ಲ. ಹರಿಗೋಲಿನ ಮುದುಕನಿಗೆ ಮಾತ್ರ ವಿನಾಯಿತಿ, ಮುಳುಗಿದವರನ್ನು ಎತ್ತಬೇಕಲ್ಲ! ಆಚೆ ದಡದ ದೊಡ್ಡ ಕಲ್ಲನ್ನು ಮೊದಲು ಮುಟ್ಟಿದವಳು ಗೆದ್ದಂತೆ. ಗೆದ್ದವಳಿಗೆ ಅವಳ ಮನೆಯ ಹಿರಿಯಳು ಪೂಜೆಯ ಹೂವನ್ನು ಮುಡಿಸುತ್ತಿದ್ದಳು. ಮದುವೆಗೆ ಮುಂಚೆ ಆ ಹೂವು ನನ್ನ ತಲೆ ಬಿಟ್ಟು ಬೇರೆ ಕಡೆ ಹೋಗಲೇ ಇಲ್ಲ. ಜಂಭ ಅನ್ನುತ್ತೀರಾ, ಅನ್ನಿ. ಇತ್ತು.

ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣದ ಕಡೆಗೆ, ಹೊಗೆಸೊಪ್ಪಿನ ಹೊಲಗಳ ನಡುವೆ. ಇಲ್ಲಿ ನೀರೆಂದರೆ ಬಾವಿ, ಬಾವಿಯೆಂದರೆ ಹಗ್ಗ. ಮಕ್ಕಳಾದವು, ಮೈ ಬಂತು, ಈಜು ಹೋಯಿತು. ನಿದ್ದೆಯಲ್ಲಿ ಮಾತ್ರ ಕಾಲು ಬಡಿಯುತ್ತಿದ್ದೆನಂತೆ. "ಎಮ್ಮೆ ಒದ್ದಂಗೆ ಒದೀತೀಯಲ್ಲೇ" ಎಂದು ನಮ್ಮ ಯಜಮಾನರು ಚಾಪೆ ದೂರ ಎಳೆದುಕೊಳ್ಳುತ್ತಿದ್ದರು.

ಐವತ್ತರ ದಶಕದ ನಡುವಿನ ಒಂದು ದೀಪಾವಳಿಗೆ ತಮ್ಮ ಕರೆಯಲು ಬಂದ. "ಅವ್ವಂಗೆ ಕಣ್ಣು ಮಂಜಾಗೈತೆ ಕಣಕ್ಕ. ಇನ್ನೊಂದ್ಕಿತ ನಿನ್ ತಲೇಗೆ ಹೂ ಮುಡುಸ್ಬೇಕಂತೆ" ಎಂದ. ನನ್ನ ಅತ್ತೆ, "ಮಕ್ಳ ತಾಯಿ ಹೊಳೇಲಿ ಈಜೋದುಂಟಾ?" ಎಂದು ಮುಖ ತಿರುಗಿಸಿದರು. ಯಜಮಾನರು ಮಾತ್ರ, "ಹೋಗ್ ಬಾ, ನಂಗೂ ನಾಕ್ ದಿನ ನಿದ್ದೆ" ಎಂದು ಕಳಿಸಿದರು.

ಬಸ್ಸು ಕೈಕೊಟ್ಟು, ಊರು ಮುಟ್ಟಿದಾಗ ಪಂದ್ಯಕ್ಕೆ ಎಲ್ಲರೂ ಸಿದ್ಧರಾಗಿದ್ದರು. ಅವರ ನಡುವೆ ತಮ್ಮನ ಹೆಂಡತಿ ಚಿಕ್ಕತಾಯಿಯೂ ಇದ್ದಳು. ಹೆಗ್ಗಡದೇವನಕೋಟೆಯ ಕಡೆಯ, ಹೊಳೆಯಿಲ್ಲದ ಬೆದ್ದಲು ಊರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಮೊಣಕಾಲುದ್ದ ನೀರಿಗೂ ಕಿರುಚುತ್ತಿದ್ದಳು. ನಾನು ಬಾಣಂತನಕ್ಕೆ ತವರಿಗೆ ಬಂದಿದ್ದಾಗ, ದಡದಲ್ಲಿ ಕೂತುಕೊಂಡೇ ಅವಳಿಗೆ ಈಜು ಕಲಿಸಿದ್ದೆ. ಅವ್ವ ನನಗೆ ಹೇಳಿಕೊಟ್ಟ ಹಾಗೆಯೇ ಹೇಳಿಕೊಟ್ಟಿದ್ದೆ: ಮೊದಲು ಒಂದು ಹೊಂಗೆ ಎಲೆ ನೀರಿಗೆ ಬಿಟ್ಟು ಸೆಳೆತ ನೋಡು, ಆಮೇಲೆ ಕಲ್ಲಿಗೆ ನೇರ ಹೋಗದೆ, ಅದಕ್ಕಿಂತ ಮೇಲೆ, ಹೊಳೆ ಹರಿದುಬರುವ ಕಡೆಗಿರುವ ಅರಳಿಮರಕ್ಕೆ ಗುರಿಯಿಟ್ಟು ಈಜು, ಹೊಳೆಯೇ ನಿನ್ನನ್ನು ಕಲ್ಲಿಗೆ ತಂದುಬಿಡುತ್ತದೆ.

ಆವತ್ತೂ ಅವಳು ಕುಕ್ಕರಗಾಲಲ್ಲಿ ಕೂತು ಎಲೆ ಬಿಡುತ್ತಿದ್ದಳು. ನನಗೆ ನಗು ಬಂತು. "ಇನ್ನೂ ಎಲೆ ನೋಡ್ಕೊಂಡೇ ಇಳೀತೀಯೇನೇ?" ಎಂದೆ.

"ನೀವೇ ಅಲ್ವರಾ ಅತ್ತಿಗೆ ಹೇಳ್ಕೊಟ್ಟಿದ್ದು" ಎಂದಳು.

ಜೊತೆಗೆ ತಂದಿದ್ದ ನನ್ನ ಬಿಂದಿಗೆಯನ್ನು ಅವುಚಿಕೊಂಡು ನೀರಿಗೆ ಬಿದ್ದದ್ದೇ ತಡ, ಮೈ ಎಲ್ಲವನ್ನೂ ನೆನಪಿಸಿಕೊಂಡಿತು. ಕಾಲು ಸೋಲಲಿಲ್ಲ. ಎಲ್ಲರಿಗಿಂತ ಮುಂದೆ ನಾನೇ. ಅರಳಿಮರಕ್ಕೆ ಗುರಿಯಿಟ್ಟು, ಸೆಳೆತ ಈಗ ಹಿಡಿದೀತು, ಇನ್ನೇನು ಹಿಡಿದೀತು ಎಂದು ಕಾಯುತ್ತಾ ಈಜಿದೆ. ಹಿಡಿಯಲೇ ಇಲ್ಲ. ತಲೆಯೆತ್ತಿದರೆ ನಾನು ಅರಳಿಮರದ ಬುಡದಲ್ಲಿದ್ದೇನೆ. ಮಿಕ್ಕವರೆಲ್ಲ ದೂರ ಕೆಳಗೆ, ನೇರವಾಗಿ ಕಲ್ಲಿನತ್ತ ಹೋಗುತ್ತಿದ್ದಾರೆ. ಗಾಬರಿಯಲ್ಲಿ ತಿರುಗುವಾಗ ಬಿಂದಿಗೆ ಬಂಡೆಗೆ ಬಡಿದು, ನೆಗ್ಗಿ, ಮಗುಚಿ, ಗುಳುಗುಳು ನೀರು ತುಂಬಿಕೊಂಡಿತು. ಅಷ್ಟರಲ್ಲಿ ಚಿಕ್ಕತಾಯಿ ಕಲ್ಲು ಮುಟ್ಟಿಯಾಗಿತ್ತು.

"ಕೆಳಗೆ ಕಟ್ಟೆ ಹಾಕವ್ರೆ ಕಣವ್ವ, ಕಾಲುವೆಗೆ" ಎಂದ ಹರಿಗೋಲಿನ ಮುದುಕ, ನನ್ನನ್ನು ಎತ್ತಿ ಕೂರಿಸಿಕೊಂಡು. "ಈಗ ಇಲ್ಲಿ ನೀರು ನಿಂತೋಗೈತೆ. ನಿಂಗ್ ಗೊತ್ತಿರ್ನಿಲ್ವಾ?"

ನನಗೆ ಯಾರೂ ಹೇಳಿರಲಿಲ್ಲ. ಹೊಳೆಯ ಊರಿನ ಮಗಳಿಗೆ ಹೊಳೆಯ ಸುದ್ದಿ ಯಾರು ಹೇಳುತ್ತಾರೆ?

ದಡದಲ್ಲಿ ಅವ್ವ ಹೂ ಹಿಡಿದು ನಿಂತಿದ್ದಳು. "ಯಾರವ್ವ ಗೆದ್ದಿದ್ದು?" ಎಂದಳು. "ನಿನ್ ಸೊಸೆ ಕಣವ್ವ" ಎಂದೆ. ಅವ್ವ ಕೈಯಿಂದ ತಡವಿ ಚಿಕ್ಕತಾಯಿಯ ಜಡೆ ಹುಡುಕಿ ಹೂ ಮುಡಿಸಿದಳು. ಆಮೇಲೆ ನನ್ನ ಒದ್ದೆ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು: "ಎಲೆ ಬುಟ್ಟು ನೋಡ್ನಿಲ್ವಾ ಮಗ?"

ಇಲ್ಲವೆಂದೆ.

"ಓಗ್ಲಿ ಬುಡು. ಮುಂದುಲ್ ವರ್ಸ ಬಾ."

ಮುಂದಿನ ದೀಪಾವಳಿಗೆ ಅವ್ವ ಇರಲಿಲ್ಲ. ಆಮೇಲೆ ನಾನು ನೀರಿಗಿಳಿಯಲಿಲ್ಲ. ಸೋತದ್ದಕ್ಕೆ ನನಗೆ ಬೇಸರವಿಲ್ಲ. ಅವ್ವನ ಕೈ ನನ್ನ ಜಡೆಯನ್ನು ಹುಡುಕಲಿಲ್ಲವಲ್ಲ, ಅದನ್ನು ಮಾತ್ರ ಇಂದಿಗೂ ಮರೆತಿಲ್ಲ.

ಪಾತ್ರೆಯವನಿಗೆ ಬೇರೇನಾದರೂ ಕೊಟ್ಟರಾಯಿತು. ಬಿಂದಿಗೆಯನ್ನು ತೊಳೆದು ಬೋರಲು ಹಾಕಿದ್ದೇನೆ. ಈಗ ತವರುಮನೆಗೆ ಹಿರಿಯಳು ಚಿಕ್ಕತಾಯಿ; ನಾನು ಗೆದ್ದರೆ ಹೂ ಮುಡಿಸಬೇಕಾದವಳು ಅವಳೇ. ಈ ಮಂಡಿನೋವಿನಲ್ಲಿ ಗೆಲ್ಲುವ ಮಾತು ಎಲ್ಲಿಂದ ಬಂತು! ಆದರೂ ಈ ದೀಪಾವಳಿಗೆ ಹೋಗುತ್ತೇನೆ. ಪಂದ್ಯಕ್ಕೆ ಒಂದು ದಿನ ಮುಂಚೆಯೇ ಹೋಗಿ, ಚಿಕ್ಕತಾಯಿಯ ಪಕ್ಕದಲ್ಲಿ ಕೂತು, ನೀರಿಗೆ ಒಂದು ಹೊಂಗೆ ಎಲೆ ಬಿಡುತ್ತೇನೆ.