ಚಕ್ರದ ಜ್ವರ ನೋಡುತ್ತಿದ್ದ ಅಪ್ಪ

ನಿನ್ನೆ ಘಾಟ್ಕೋಪರಿನ ನಮ್ಮ ಬಿಲ್ಡಿಂಗ್ ಕೆಳಗೆ ಮೊಮ್ಮಗ ಜೀಪು ತಂದು ನಿಲ್ಲಿಸಿದಾಗ ಸುಟ್ಟ ಬ್ರೇಕಿನ ವಾಸನೆ ಬಂತು. ಅಪ್ಪ ನೆನಪಾದ.

ಅಪ್ಪ ಪವಾಯಿ ಗುಡ್ಡದ ಕಲ್ಲುಗಣಿಯಲ್ಲಿ ಫೋರ್‌ವೀಲ್ ಜೀಪು ಓಡಿಸುತ್ತಿದ್ದ. ನನ್ನ ಹಣೆಯ ಜ್ವರ ನೋಡುವಂತೆಯೇ ಕೈಯ ಹಿಂಬದಿಯನ್ನು ನಾಲ್ಕೂ ಚಕ್ರಗಳ ಹತ್ತಿರ ಹಿಡಿಯುತ್ತಿದ್ದ. ಒಂದೇ ಚಕ್ರ ಹೆಚ್ಚು ಕಾದಿದ್ದರೆ ಅದರ ಬ್ರೇಕು ಕಚ್ಚಿಕೊಂಡಿದೆ ಎಂದರ್ಥ.

ಒಮ್ಮೆ ಮದುವೆಗೆ ಹೊರಟ ಹೆಂಗಸರನ್ನೂ ನನ್ನನ್ನೂ ಕೂರಿಸಿಕೊಂಡು ಗುಡ್ಡ ಇಳಿಯುವಾಗ ನಡುವೆಯೇ ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿದ. ಕೀಲಿ ತೆಗೆದು ಕಿಸೆಗೆ ಹಾಕಿದ.

"ಏನೋ ತಮ್ಮಾ, ಗಾಡಿಗೆ ಗುಳಿಗಿ ಕೊಡ್ತೀಯೇನು? ಮದುಮಕ್ಕಳಿಗೆ ಅಕ್ಕಿಕಾಳು ಹಾಕೋ ಹೊತ್ತು ಮೀರ್ತದ," ಎಂದು ಅವನ ಅಕ್ಕ, ನನ್ನ ಸೋದರತ್ತೆ, ಚುಚ್ಚಿದಳು.

"ಅಕ್ಕಿಕಾಳು ತಪ್ಪಿದ್ರೂ ಊಟ ಸಿಗ್ತದಕ್ಕಾ. ಇಳೀರಿ ಎಲ್ಲಾರೂ."

ಚಕ್ರ ಬಿಚ್ಚಿದರೆ ಬ್ರೇಕಿನ ಲೈನರ್ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಕೆಳಗೆ ಇನ್ನೂ ಅರ್ಧ ಗುಡ್ಡವಿತ್ತು. ಅತ್ತೆ ಸೀರೆ ಎತ್ತಿ ಹಿಡಿದು ಇಳಿಜಾರಿನಲ್ಲಿ ನಡೆಯತೊಡಗಿದಳು. ಗ್ರೀಸು ಮೆತ್ತಿದ ಆ ಕೈಯನ್ನೇ ನಾನು ದೇವರ ಕೈಯೆಂಬಂತೆ ನೋಡುತ್ತ ನಿಂತಿದ್ದೆ.

ನಿನ್ನೆ ನಾನೂ ಬಗ್ಗಿ ಚಕ್ರಗಳ ಹತ್ತಿರ ಕೈ ಹಿಡಿದೆ. ಮುಂದಿನ ಎಡಚಕ್ರವೊಂದೇ ಹೆಚ್ಚು ಕಾದಿತ್ತು.

"ಅಜ್ಜಿ, ಬ್ರೇಕ್ ಪ್ಯಾಡ್ ಹೊಸದು ಹೈ," ಎಂದು ಮೊಮ್ಮಗ ನಕ್ಕ. "ನಾಳೆ ಲೋಣಾವಳಾ ಹೋಗ್ಬೇಕು."

"ಕೀಲಿ ಕೊಡು."

ಕೊಟ್ಟ. ಮೆಕ್ಯಾನಿಕ್ ಬಂದು ಚಕ್ರ ಬಿಚ್ಚುವವರೆಗೆ ಅದು ನನ್ನ ಸೆರಗಿನ ಗಂಟಿನಲ್ಲೇ ಇರುತ್ತದೆ.