ಹುಬ್ಬಿನ ಮೇಲಿಲ್ಲದ ಕಲೆ

ಹುಬ್ಬಿನ ಮೇಲಿದ್ದ ಆ ಕಲೆ ಎಲ್ಲಿ ಹೋಯಿತು?

ಅಟ್ಲಾಸ್ ಬೆಟ್ಟದ ಅಕ್ರೋಟು ತೋಪಿನಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಹೇಸರಗತ್ತೆಯ ಹಿಂದೆ ನಡೆಯುತ್ತಿರುವ ಅಸ್ಸುವಿಗೆ ಅದೊಂದೇ ಯೋಚನೆ. ಆರೋಗ್ಯ ಕೇಂದ್ರದ ಹಳೆಯ ಪುಸ್ತಕದಲ್ಲಿ ಅವನದೇ ಅಕ್ಷರವಿದೆ: ತೂದಾ, ಐದು ವರ್ಷ, ಸೀತಾಳೆ ಸಿಡುಬು, ವಾಸಿ. ಅಂದು ಮಗು ಕೆರೆದುಕೊಂಡು ಎಡಹುಬ್ಬಿನ ಮೇಲೆ ಗುಳಿ ಬಿದ್ದಿತ್ತು. ನಿನ್ನೆ ನೋಡಿದರೆ ತೂದಾಳ ಹಣೆ ಹಾಲಿನ ಕೆನೆಯಷ್ಟು ನುಣುಪು. ಬಸುರಿಯಾದ ಅವಳಿಗೀಗ ನಾಲ್ಕು ತಿಂಗಳು. ಮೈತುಂಬ ಗುಳ್ಳೆಯೆದ್ದ ನಾದಿನಿಯ ಮಗು ಅವಳ ಮಗ್ಗುಲಲ್ಲೇ ಮಲಗಿ ಮೂರು ದಿನವಾಗಿದೆ.

ಇಪ್ಪತ್ತೇಳು ವರ್ಷಗಳಿಂದ ಅಸ್ಸು ಈ ಕಣಿವೆಯ ನಾಲ್ಕು ಹಳ್ಳಿಗಳ ಆರೋಗ್ಯ ಸಹಾಯಕ. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ. ಈ ಸಲ ಒಂಬತ್ತು ಮಂದಿ ಬಸುರಿಯರು, ಎಣಿಸಲಾಗದಷ್ಟು ಪ್ರಶ್ನೆಗಳು.

ದಾರಿ ಸ್ಮಶಾನದ ಪಕ್ಕದಲ್ಲಿ ತಿರುಗುತ್ತದೆ. ಹೆಸರಿಲ್ಲದ ಪುಟ್ಟ ಕಲ್ಲೊಂದರ ಮುಂದೆ ಅಸ್ಸು ನಿಲ್ಲುತ್ತಾನೆ. ಈ ಕಡೆ ಮಗು ಸತ್ತರೆ ಅದರ ಜನನದ ಕಾಗದವನ್ನು ಯಾರೂ ಹರಿಯುವುದಿಲ್ಲ. ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು, ಅದೇ ಕಾಗದ. ಅಪ್ಪನಿಗೆ ಪಟ್ಟಣದ ಕಚೇರಿಗೆ ಎರಡು ದಿನದ ನಡಿಗೆ ಉಳಿಯುತ್ತದೆ. ಕಲೆಯಿದ್ದ ತೂದಾ ಮರುವರ್ಷದ ಹಿಮಕ್ಕೆ ಸಿಕ್ಕಿ ಸತ್ತಿದ್ದಳು.

ಬಸುರಿ ತೂದಾ ತನ್ನ ಮನೆಯ ಬಾಗಿಲಲ್ಲೇ ಕೇಳುತ್ತಾಳೆ: "ಹೊಟ್ಟೇಲಿರೋದಕ್ಕೂ ತಗಲುತ್ತಾ ಮಾಮ? ಒಂದ್ಸಲ ಬಂದ್ರೆ ಮತ್ತೆ ಬರಲ್ವಂತಲ್ಲ?"

"ಬಂದು ಹೋಗಿದ್ರೆ ಸಾಮಾನ್ಯವಾಗಿ ಭಯವಿಲ್ಲ ಮಗಳೇ. ಬಂದಿತ್ತಾ ಅಂತ ರಕ್ತವನ್ನೇ ಕೇಳೋಣ."

ಅತ್ತೆ ಇಜ್ಜಾ ರೇಗುತ್ತಾಳೆ. "ಬಂದಿತ್ತು ಅಂತ ನೀನೇ ಬರ್ದಿದೀಯಲ್ಲೋ! ಕಣ್ಣು ಹೋಯ್ತಾ, ನೆನಪು ಹೋಯ್ತಾ?"

"ಎರಡೂ ಹೋಗಿದೆ ಇಜ್ಜಾ ತಾಯಿ. ಹೇಸರಗತ್ತೆ ಒಂದೇ ಚುರುಕಾಗಿದೆ."

"ಹಾಗಿದ್ರೆ ಅದರ ಕೈಲೇ ಬರೆಸಬೇಕಿತ್ತು!"

ಅವಳ ರಕ್ತದ ಮಾದರಿ ಸಂತೆಯ ಜೀಪಿನಲ್ಲಿ ಪಟ್ಟಣಕ್ಕೆ ಹೋಗುತ್ತದೆ. ಮೂರನೆಯ ದಿನ ಉತ್ತರ ಬರುತ್ತದೆ: ಸೀತಾಳೆ ಅವಳಿಗೆ ಬಂದೇ ಇಲ್ಲ, ರಕ್ಷಣೆಯೂ ಇಲ್ಲ. ಮರುದಿನವೇ ಅಸ್ಸು ಅವಳನ್ನು ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಕಣಿವೆಯ ತುದಿಯ ಆಸ್ಪತ್ರೆಗೆ ಹೊರಡುತ್ತಾನೆ. ಸೋಂಕು ತಗಲಿದ ಹತ್ತು ದಿನದೊಳಗೆ ಕೊಡಬೇಕಾದ ಚುಚ್ಚುಮದ್ದು ಏಳನೆಯ ದಿನಕ್ಕೆ ಬೀಳುತ್ತದೆ. ಆಮೇಲೆ ನಾಲ್ಕು ವಾರ ಅವನು ದಿನವೂ ದೂರದಿಂದಲೇ ಅವಳ ಮೈ ನೋಡಿ ಹೋಗುತ್ತಾನೆ. ಒಂದು ಗುಳ್ಳೆಯೂ ಏಳುವುದಿಲ್ಲ.

"ನಿವೃತ್ತಿಗೆ ಮುಂಚೆ ಒಂದು ಹೊಸ ಪುಸ್ತಕ ಕೊಟ್ರೆ ಸಾಕು," ಅನ್ನುತ್ತಾನೆ ಅಸ್ಸು. "ಒಬ್ಬೊಬ್ಬರಿಗೂ ಅವರವರದೇ ಪುಟ."

ಪುದೀನ ಚಹಾ ಬಗ್ಗಿಸುತ್ತ ತೂದಾ ಕೇಳುತ್ತಾಳೆ: "ಹಳೇದರಲ್ಲಿ ತಪ್ಪು ಹೇಗಾಯ್ತು ಮಾಮ?"

"ನನ್ನ ಕೈತಪ್ಪು."

ಆ ಹೆಸರೂ ಆ ಪುಟವೂ ಸತ್ತುಹೋದ ಅಕ್ಕನವು ಎಂದು ಅವನು ಅವಳಿಗೆ ಹೇಳಲೇ ಇಲ್ಲ.