ಉತ್ತರಾಯಣಕ್ಕೆ ಬಿಸಿಲು ಬಿಟ್ಟವರು

ನನ್ನ ಗಂಡನ ಬೋಳುತಲೆಯ ಮೇಲೆ ಒರಟು ಕಲೆಗಳು ಎದ್ದಾಗ ನಾವು ವಡೋದರಾದ ಗೋರ್ವಾದಲ್ಲಿದ್ದೆವು. ಧಾರವಾಡ ಕಡೆಯ ಕೆಂಪು ಮೈಬಣ್ಣದ ಮನುಷ್ಯ, ರೈಲು ಹಳಿಗಳ ಉಸ್ತುವಾರಿಯ ನೌಕರಿ. ವರ್ಷಗಟ್ಟಲೆ ಟೋಪಿಯಿಲ್ಲದೆ ಬಿಸಿಲಲ್ಲಿ ತಿರುಗಿದವರು.

ಅಲ್ಕಾಪುರಿಯ ಚರ್ಮದ ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ನೋಡಿ, "ಕ್ಯಾನ್ಸರ್ ಅಲ್ಲ. ಹೀಗೇ ಬಿಟ್ಟರೆ ಮುಂದೆ ಆಗಬಹುದು," ಎಂದು ಹಿಂದಿಯಲ್ಲಿ ಹೇಳಿದರು. ಮುಲಾಮು ಹಚ್ಚಿ, ಅದರ ಮೇಲೆ ಕೆಂಪು ಬೆಳಕು ಬಿಡುವ ಹೊಸ ಚಿಕಿತ್ಸೆ ಇದೆಯಂತೆ. ಅದರ ದೀಪ ಮುಂಬೈಯಿಂದ ಒಂದೇ ದಿನದ ಮಟ್ಟಿಗೆ ಬರುತ್ತದಂತೆ. ಆ ದಿನ ಗುಜರಾತಿನ ಗಾಳಿಪಟದ ಹಬ್ಬ ಉತ್ತರಾಯಣದ ಮುನ್ನಾದಿನ. ಆಮೇಲೆ ಎರಡು ದಿನ ಬಿಸಿಲಿಗೆ ತಲೆ ಹಾಕುವಂತಿಲ್ಲ.

ಗಾಳಿಪಟದ ಹುಚ್ಚು ಹಿಡಿದಿದ್ದ ಇವರಿಗೆ ಕ್ಯಾನ್ಸರ್ ಎಂಬ ಮಾತಿಗಿಂತ ಇದೇ ದೊಡ್ಡ ಪೆಟ್ಟು.

ದೀಪದಡಿ ಮಲಗಿದಾಗ ತಲೆಗೆ ಖಾರದಪುಡಿ ತಿಕ್ಕಿದಂಥ ಉರಿ. ಡಾಕ್ಟರಮ್ಮ ತಣ್ಣೀರು ಚಿಮುಕಿಸಿದರು, ನಾನು ಗಾಳಿ ಬೀಸಿದೆ. ಹೇಗೋ ಮುಗಿಯಿತು.

ಹಬ್ಬದ ಬೆಳಿಗ್ಗೆ ಊರಿಗೆ ಊರೇ ತಾರಸಿ ಹತ್ತಿತ್ತು. ಪರದೆ ಎಳೆದ ಕೋಣೆಯಲ್ಲಿ ಕೂತಿದ್ದ ಇವರು, "ನೀನರ ಹೋಗಿ ಹಾರಸು," ಎಂದರು. ನಾನು ದಾರ ಹಿಡಿದವಳೇ ಅಲ್ಲ. ಪಕ್ಕದ ಮನೆಯ ಭಾಭಿ ದಾರ ಸುತ್ತಿದ ಫಿರ್ಕಿ ಹಿಡಿದರು, ಪಟ ಹೇಗೋ ಮೇಲೇರಿತು. ಅಷ್ಟರಲ್ಲಿ ಇವರು ತಲೆಗೆ ದಪ್ಪ ಟವೆಲ್ ಸುತ್ತಿಕೊಂಡು ಮೆಟ್ಟಿಲ ಕತ್ತಲೆಗೆ ಬಂದು ನಿಂತಿದ್ದರು.

"ಜಗ್ಗಬ್ಯಾಡ! ಢೀಲ್ ಬಿಡು, ಢೀಲ್!"

"ಅಲ್ಲಿಂದ ನಿಮಗೇನ್ ಕಾಣಸ್ತದ್ರೀ?"

"ನಿನ್ನ ಚೀರಾಟದಾಗ ಎಲ್ಲಾ ತಿಳೀತದ!"

ದಾರ ಸಡಿಲ ಬಿಟ್ಟೆ. ನನ್ನ ಗಾಜುಪುಡಿಯ ದಾರಕ್ಕೆ ತೊಡರಿದ್ದ ಎದುರು ತಾರಸಿಯ ಕೆಂಪು ಪಟ ತಟ್ಟನೆ ಕಡಿದು ಓಲಾಡುತ್ತಾ ತೇಲಿಹೋಯಿತು. "ಕಾಯ್ಪೋ ಛೇ!" ಎಂದು ಪಟ ಕೊಯ್ದ ಕೂಗು ಹಾಕುತ್ತಾ ಭಾಭಿ ಕುಣಿದರು.

"ಯಾರದ್ ಹೋತು? ನಮ್ದೋ, ಅವರ್ದೋ?"

"ಅವರ್ದ ರೀ!"

ಇವರು ಎರಡು ಮೆಟ್ಟಿಲು ಹಾರಿಯೇಬಿಟ್ಟರು. ಭಾಭಿ ತಾರಸಿಯ ಬಾಗಿಲಿಗೆ ಅಡ್ಡ ನಿಂತು ಗುಜರಾತಿಯಲ್ಲಿ ಗದರಿದರು. ಕೊನೆಗೆ ಆ ಕತ್ತಲೆ ಮೆಟ್ಟಿಲ ಮೇಲೇ ಕೂತು ಮೂವರೂ ಭಾಭಿಯ ಮನೆಯ ಹಬ್ಬದ ತರಕಾರಿ ಪಲ್ಯ ಉಂಧಿಯು ತಿಂದೆವು. ದಾರ ಕೊಯ್ದ ನನ್ನ ಬೆರಳಿಗೆ ಇವರು ಪಟ್ಟಿ ಸುತ್ತಿದರು.

ತಲೆಯ ಮೇಲೆ ಹಕ್ಕಳೆ ಕಟ್ಟಿ ಉದುರಿತು. ಒಂದು ಕಲೆ ಮಾತ್ರ ಹಟ ಹಿಡಿದಿದ್ದರಿಂದ ಮುಂಬೈಯಿಂದ ದೀಪ ಮತ್ತೆ ಬಂದಾಗ ಇನ್ನೊಮ್ಮೆ ಅದರಡಿ ಮಲಗಬೇಕಾಯಿತು. ಆಮೇಲೊಂದು ಭಾನುವಾರ ಎಣ್ಣೆ ಹಚ್ಚುವಾಗ ಬೆರಳು ಎಲ್ಲೂ ತಡೆಯದೆ ಜಾರಿತು. ಅಷ್ಟು ದಿನ ಗಟ್ಟಿಯಾಗಿದ್ದವಳಿಗೆ ಆಗ ಅಳು ಬಂತು.

ಇವರು ತಿರುಗಿ ನೋಡಿದರು. "ಯಾಕ, ಕೂದ್ಲಾ ಬರಲಿಲ್ಲಂತ ಅಳಾಕತ್ತೀಯೇನು?"